ಪಾರ್ಕಿನ್ಸನ್ ಇರುವವರ ಊಟ: ಮಾತ್ರೆಯ ಸಮಯಕ್ಕೆ ತಟ್ಟೆಯನ್ನು ಹೊಂದಿಸುವುದು ಹೇಗೆ?

ಬೆಳಗ್ಗೆ 7ಕ್ಕೆ ನುಂಗಿದ ಮಾತ್ರೆ ಅರ್ಧ, ಮುಕ್ಕಾಲು ಗಂಟೆಯಲ್ಲಿ ಕೆಲಸ ಶುರು ಮಾಡುತ್ತದೆ. ಕೈ ಹಗುರಾಗುತ್ತದೆ, ಕಾಲು ಎತ್ತಿಡಲು ಬರುತ್ತದೆ. ಅದೇ ಮಾತ್ರೆಯನ್ನು ಮಧ್ಯಾಹ್ನ ಊಟ ಮಾಡಿದ ಕೂಡಲೇ ನುಂಗಿದರೆ ಎರಡು ಗಂಟೆ ಕಳೆದರೂ ಮೈ ಬಿಗಿಯಾಗಿಯೇ ಇರುತ್ತದೆ. ‘ಮಾತ್ರೆ ಪವರ್ ಸಾಲ್ತಾ ಇಲ್ಲ’ ಎಂದು ಮನೆಯವರು ಅಂದುಕೊಳ್ಳುತ್ತಾರೆ. ಆದರೆ ಎಷ್ಟೋ ಸಲ ಆ ಮಾತ್ರೆಯ ದಾರಿಗೆ ಅಡ್ಡ ಬಂದಿರುವುದು ಊಟದಲ್ಲಿದ್ದ ಬೇಳೆ, ಮೊಸರು, ಮೊಟ್ಟೆ.

ಮನೆಯಲ್ಲಿ ಮಾವನವರಿಗೆ ಪಾರ್ಕಿನ್ಸನ್ ಇದೆ, ಅಂದರೆ ಕೈ ನಡುಗುವ, ಮೈ ಬಿಗಿಯಾಗುವ ನರದ ಕಾಯಿಲೆ. ಅಡುಗೆ ನನ್ನದು. ಹಾಗಾಗಿ ಇದನ್ನು ಅಡುಗೆಮನೆಯ ಕಡೆಯಿಂದ ಬರೆಯುತ್ತಿದ್ದೇನೆ. ಮೊದಲೇ ಒಂದು ಮಾತು: ಪಾರ್ಕಿನ್ಸನ್ ಅನ್ನು ವಾಸಿ ಮಾಡುವ ಅಥವಾ ನಿಲ್ಲಿಸುವ ಆಹಾರ ಯಾವುದೂ ಇಲ್ಲ. ಯಾರಾದರೂ ಇದೆ ಎಂದರೆ ನಂಬಬೇಡಿ. ಊಟದಿಂದ ಆಗುವ ಉಪಕಾರ ಬೇರೆ ಥರದ್ದು. ಮಾತ್ರೆ ಸರಿಯಾಗಿ ಹತ್ತುತ್ತದೆ, ಹೊಟ್ಟೆ ಕಟ್ಟುವುದು ಕಡಿಮೆಯಾಗುತ್ತದೆ, ತೂಕ ಇಳಿಯುವುದಿಲ್ಲ, ಊಟ ಗಂಟಲಿಗೆ ಸಿಕ್ಕುವುದು ತಪ್ಪುತ್ತದೆ. ಇಷ್ಟಾದರೂ ದಿನದ ಬದುಕು ತುಂಬಾ ಸುಧಾರಿಸುತ್ತದೆ. ಇಲ್ಲಿ ಹೇಳಿದ ಬದಲಾವಣೆಗಳನ್ನು ನಿಮ್ಮ ನರರೋಗ ತಜ್ಞರಿಗೆ ತಿಳಿಸಿಯೇ ಮಾಡಿ. ಸಕ್ಕರೆ ಕಾಯಿಲೆ ಅಥವಾ ಕಿಡ್ನಿ ತೊಂದರೆಯೂ ಇದ್ದರೆ ಡಯಟಿಷಿಯನ್ ಸಲಹೆ ಬೇಕೇ ಬೇಕು.

ಹೆಜ್ಜೆ 1: ಒಂದು ವಾರ ಬರೆದಿಡಿ

ಏನನ್ನೂ ಬದಲಿಸುವ ಮುಂಚೆ ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಮಾತ್ರೆ ಎಷ್ಟು ಗಂಟೆಗೆ, ಊಟ ಎಷ್ಟು ಗಂಟೆಗೆ, ಏನು ತಿಂದರು, ಮೈ ಯಾವಾಗ ಸಡಿಲವಾಯಿತು, ಯಾವಾಗ ಮತ್ತೆ ಬಿಗಿಯಾಯಿತು, ಇಷ್ಟು ಸಾಕು. ಮಾತ್ರೆ ಕೆಲಸ ಮಾಡುತ್ತಿರುವ ಹೊತ್ತನ್ನು ಡಾಕ್ಟರುಗಳು ‘ಆನ್’ ಎನ್ನುತ್ತಾರೆ, ಅದರ ಪ್ರಭಾವ ಇಳಿದ ಹೊತ್ತನ್ನು ‘ಆಫ್’ ಎನ್ನುತ್ತಾರೆ. ನೀವೂ ಅದನ್ನೇ ಬರೆಯಿರಿ.

ಒಂದು ಪುಟ ಹೀಗಿರಬಹುದು: ‘7.00 ಮಾತ್ರೆ. 7.40 ಆನ್, ತಾವೇ ಶರ್ಟಿನ ಗುಂಡಿ ಹಾಕಿಕೊಂಡರು. 8.15 ಎರಡು ಇಡ್ಲಿ, ಚಟ್ನಿ. 11.15 ಕೈ ನಡುಕ ಶುರು. 1.00 ಅನ್ನ, ಅವರೆಕಾಳು ಹುಳಿ, ಮೊಸರು. 1.15 ಮಾತ್ರೆ. 3.30ರ ತನಕ ಆಫ್.’ ಒಂದು ವಾರ ಬರೆದರೆ ಸಾಕು, ತೊಂದರೆ ಎಲ್ಲಿದೆ ಅಂತ ಕಣ್ಣಿಗೇ ಕಾಣುತ್ತದೆ. ಮಲವಿಸರ್ಜನೆ ಆದ ದಿನವನ್ನೂ ಗುರುತು ಹಾಕಿ. ಅದೂ ಇದೇ ಲೆಕ್ಕಕ್ಕೆ ಸೇರಿದ್ದು, ಮುಂದೆ ಹೇಳುತ್ತೇನೆ.

ಹೆಜ್ಜೆ 2: ಮಾತ್ರೆಗೂ ಊಟಕ್ಕೂ ಅಂತರ ಕೊಡಿ

ಪಾರ್ಕಿನ್ಸನ್‌ನ ಮುಖ್ಯ ಔಷಧಿ ಲೆವೊಡೋಪಾ. ಅದರ ಜೊತೆ ಕಾರ್ಬಿಡೋಪಾ ಸೇರಿಸಿ ಮಾತ್ರೆ ಮಾಡಿರುತ್ತಾರೆ. ನಮ್ಮಲ್ಲಿ ಜಾಸ್ತಿ ಜನ ನುಂಗುವುದು ಇದನ್ನೇ. ಮಾತ್ರೆ ಹಾಳೆಯ ಹಿಂದೆ ಈ ಎರಡು ಹೆಸರು ಇವೆಯಾ ನೋಡಿ. ಇದ್ದರೆ ಈ ಹೆಜ್ಜೆ ನಿಮಗೇ.

ಲೆವೊಡೋಪಾವನ್ನು ಹೊಟ್ಟೆ ಹೀರಿಕೊಳ್ಳುವುದಿಲ್ಲ. ಹೊಟ್ಟೆ ದಾಟಿ ಸಣ್ಣ ಕರುಳಿನ ಮೇಲ್ಭಾಗಕ್ಕೆ ಹೋಗಬೇಕು, ಅಲ್ಲಿ ರಕ್ತಕ್ಕೆ ಸೇರಬೇಕು, ಆಮೇಲೆ ಮಿದುಳಿಗೆ ದಾಟಬೇಕು. ತೊಂದರೆ ಏನೆಂದರೆ ಲೆವೊಡೋಪಾ ಕೂಡ ಒಂದು ಅಮೈನೊ ಆಮ್ಲ. ನಾವು ತಿಂದ ಪ್ರೋಟೀನ್ ಜೀರ್ಣವಾದರೆ ಆಗುವುದೂ ಅಮೈನೊ ಆಮ್ಲಗಳೇ. ಕರುಳಿನಲ್ಲೂ ಮಿದುಳಿನ ಗಡಿಯಲ್ಲೂ ಇವೆರಡಕ್ಕೂ ಒಂದೇ ಬಾಗಿಲು. ಸಂತೆ ದಿನದ ಬಸ್ಸಿನ ಹಾಗೆ, ಜನ ಜಾಸ್ತಿಯಾದರೆ ಕೆಲವರು ಕೆಳಗೇ ಉಳಿಯುತ್ತಾರೆ. ಇನ್ನೊಂದು ಕಷ್ಟ: ಈ ಕಾಯಿಲೆಯಲ್ಲಿ ಹೊಟ್ಟೆ ಖಾಲಿಯಾಗುವುದೇ ನಿಧಾನ. ಎಣ್ಣೆ, ತುಪ್ಪದ ಭರ್ಜರಿ ಊಟ ಆದರೆ ಇನ್ನೂ ನಿಧಾನ. ಮಾತ್ರೆ ಆ ಊಟದ ಜೊತೆ ಹೊಟ್ಟೆಯಲ್ಲೇ ಕೂತಿರುತ್ತದೆ.

ಆದ್ದರಿಂದ ಊಟಕ್ಕೆ ಕನಿಷ್ಠ 30 ನಿಮಿಷ ಮೊದಲು, ಇಲ್ಲವೇ ಊಟವಾಗಿ ಒಂದೂವರೆಯಿಂದ ಎರಡು ಗಂಟೆ ಬಿಟ್ಟು ಮಾತ್ರೆ ಕೊಡಿ. ಬರೀ ನೀರಿನಲ್ಲಿ ಕೊಡಿ. ಒಂದು ಗುಟುಕಿನಲ್ಲಿ ಮುಗಿಸಬೇಡಿ, ಒಂದು ಲೋಟ ಪೂರ್ತಿ ಕುಡಿಯಲಿ. ಮಾತ್ರೆ ಬೇಗ ಕರುಳಿಗೆ ಇಳಿಯಲು ಅದು ಬೇಕು. ಹಾಲು, ಹಾಲು ಹಾಕಿದ ಕಾಫಿ, ಮಜ್ಜಿಗೆ, ಹಾಲಿನಲ್ಲಿ ಕಲಸಿದ ಪ್ರೋಟೀನ್ ಪುಡಿ, ಇವುಗಳ ಜೊತೆ ಬೇಡ. 100 ಎಂಎಲ್ ಹಾಲಿನಲ್ಲೇ ಸುಮಾರು 3 ಗ್ರಾಂ ಪ್ರೋಟೀನ್ ಇರುತ್ತದೆ. ಎದ್ದ ಕೂಡಲೇ ಕಾಫಿ ಬೇಕೇ ಬೇಕು ಎನ್ನುವವರ ಮನೆಯಲ್ಲಿ ಮಾತ್ರೆಯನ್ನು ಆರೂವರೆಗೆ ಕೊಟ್ಟು, ಕಾಫಿಯನ್ನು ಏಳಕ್ಕೆ ಕೊಡಿ. ಯಾರ ಮನಸ್ಸಿಗೂ ಬೇಜಾರಾಗುವುದಿಲ್ಲ.

ಡಾಕ್ಟರ್ ದಿನಕ್ಕೆ ನಾಲ್ಕು ಮಾತ್ರೆ ಬರೆದಿದ್ದಾರೆ ಎಂದುಕೊಳ್ಳಿ. ಆಗ ದಿನವನ್ನು ಹೀಗೆ ಕಟ್ಟಬಹುದು:

ಬೆಳಗ್ಗೆ 7 – ಮಾತ್ರೆ; 7.45 – ತಿಂಡಿ
ಮಧ್ಯಾಹ್ನ 12 – ಮಾತ್ರೆ, 12.45 – ಊಟ
ಸಂಜೆ 5 – ಮಾತ್ರೆ, 5.45 – ಹಣ್ಣು ಅಥವಾ ಲಘು ತಿಂಡಿ
ರಾತ್ರಿ 7.45 – ಊಟ. 10 – ಮಾತ್ರೆ

ಹೀಗೆ ಮಾಡಿದರೆ ಇನ್ನೊಂದು ಲಾಭವಿದೆ. ಊಟಕ್ಕೆ ಕೂರುವಾಗ ಮಾತ್ರೆ ಹತ್ತಿರುತ್ತದೆ. ತುತ್ತು ಬಾಯಿಗೆ ಒಯ್ಯುವ ಕೈ, ಅಗಿಯುವ ದವಡೆ, ನುಂಗುವ ಗಂಟಲು ಎಲ್ಲವೂ ಆಗ ಸರಾಗ. ಡಾಕ್ಟರ್ ಹೇಳಿದ ಮಾತ್ರೆಯ ಸಮಯವನ್ನು ಊಟಕ್ಕೋಸ್ಕರ ನೀವಾಗಿ ಬದಲಿಸಬೇಡಿ. ಮಾತ್ರೆ ಇದ್ದಲ್ಲಿ ಇರಲಿ, ಊಟವನ್ನು ಸರಿಸಿ.

ಖಾಲಿ ಹೊಟ್ಟೆಯಲ್ಲಿ ನುಂಗಿದರೆ ಕೆಲವರಿಗೆ ಹೊಟ್ಟೆ ತೊಳಸುತ್ತದೆ, ಶುರುವಿನ ದಿನಗಳಲ್ಲಂತೂ ಜಾಸ್ತಿ. ಅಂಥವರಿಗೆ ಮಾತ್ರೆ ಜೊತೆ ಪ್ರೋಟೀನ್ ಕಡಿಮೆ ಇರುವ ಏನಾದರೂ ಚೂರು ಕೊಡಿ: ಎರಡು ಬಿಸ್ಕತ್ತು, ಅರ್ಧ ಬಾಳೆಹಣ್ಣು, ಒಂದು ಸಣ್ಣ ಲೋಟ ಶುಂಠಿ ಕಷಾಯ. ಆದರೆ ವಾಂತಿಗೆಂದು ಅಂಗಡಿಯಿಂದ ಸುಮ್ನೆ ಮಾತ್ರೆ ತಂದು ಕೊಡಬೇಡಿ. ಮೆಟೊಕ್ಲೊಪ್ರಮೈಡ್, ಪ್ರೊಕ್ಲೋರ್‌ಪೆರಾಜಿನ್ ಇರುವ ಮಾತ್ರೆಗಳು ಪಾರ್ಕಿನ್ಸನ್ ಅನ್ನು ಉಲ್ಬಣ ಮಾಡುತ್ತವೆ. ತಲೆಸುತ್ತಿಗೆ ಕೊಡುವ ಸಿನ್ನರಿಜಿನ್ ಕೂಡ ಹಾಗೆಯೇ. ನರರೋಗ ತಜ್ಞರು ಸಾಮಾನ್ಯವಾಗಿ ಬೇರೆಯದನ್ನೇ ಬರೆಯುತ್ತಾರೆ. ಊರಿನ ಕ್ಲಿನಿಕ್ಕಿಗೆ ಹೋದಾಗ ‘ಇವರಿಗೆ ಪಾರ್ಕಿನ್ಸನ್ ಇದೆ’ ಎಂದು ಮೊದಲೇ ಹೇಳಿ.

ಕಬ್ಬಿಣದ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದಕ್ಕೂ ಲೆವೊಡೋಪಾಗೂ ಕನಿಷ್ಠ ಎರಡು ಗಂಟೆ ಅಂತರ ಬೇಕು. ಇವೆರಡು ಕರುಳಿನಲ್ಲಿ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ನಿಧಾನವಾಗಿ ಬಿಡುಗಡೆಯಾಗುವ ಮಾತ್ರೆಗಳ ಹೆಸರಿನ ಜೊತೆ ಸಿಆರ್ ಎಂದಿರುತ್ತದೆ. ಅವನ್ನು ಪುಡಿ ಮಾಡಿ ಕೊಡಲೇಬಾರದು.

ಹೆಜ್ಜೆ 3: ಪ್ರೋಟೀನ್ ಅನ್ನು ರಾತ್ರಿಗೆ ಸರಿಸಬೇಕಾ ಎಂದು ನೋಡಿ

ಜಾಸ್ತಿ ಗೊಂದಲ ಇರುವುದು ಇಲ್ಲೇ. ‘ಪ್ರೋಟೀನ್ ಅಡ್ಡ ಬರುತ್ತದೆ’ ಎಂದು ಕೇಳಿದ ಕೂಡಲೇ ಕೆಲವರು ಬೇಳೆ, ಹಾಲು, ಮೊಟ್ಟೆ ಎಲ್ಲವನ್ನೂ ನಿಲ್ಲಿಸಿಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಪ್ರೋಟೀನ್ ಇಲ್ಲದಿದ್ದರೆ ಸ್ನಾಯು ಕರಗುತ್ತದೆ, ಕಾಲು ಬಲ ಕಳೆದುಕೊಳ್ಳುತ್ತದೆ, ಬೀಳುವುದು ಹೆಚ್ಚುತ್ತದೆ. ವಯಸ್ಸಾದವರಿಗೆ ದಿನಕ್ಕೆ ಪ್ರತಿ ಕೆಜಿ ತೂಕಕ್ಕೆ ಸುಮಾರು 1 ಗ್ರಾಂ ಪ್ರೋಟೀನ್ ಬೇಕು. 60 ಕೆಜಿ ಇರುವವರಿಗೆ 50ರಿಂದ 60 ಗ್ರಾಂ. ದಿನದ ಲೆಕ್ಕ ಅಷ್ಟೇ ಇರಲಿ. ತಿನ್ನುವ ಹೊತ್ತನ್ನು ಮಾತ್ರ ಬದಲಿಸುವುದು.

ಅದೂ ಎಲ್ಲರಿಗೂ ಬೇಕಿಲ್ಲ. ಕಾಯಿಲೆ ಶುರುವಾಗಿ ಒಂದೆರಡು ವರ್ಷ ಆಗಿರುವವರಿಗೆ, ದಿನವಿಡೀ ಮಾತ್ರೆ ಒಂದೇ ಸಮ ಕೆಲಸ ಮಾಡುವವರಿಗೆ ಹೆಜ್ಜೆ 2ರ ಅಂತರವೇ ಸಾಕು. ಅವರು ಮಧ್ಯಾಹ್ನ ನೆಮ್ಮದಿಯಾಗಿ ಬೇಳೆ, ಮೊಸರು ತಿನ್ನಲಿ. ನೋಟ್‌ಬುಕ್ಕಿನಲ್ಲಿ ಊಟದ ನಂತರ ಪದೇ ಪದೇ ಆಫ್ ಕಾಣುತ್ತಿದ್ದರೆ, ಅಂತರ ಕೊಟ್ಟರೂ ಅದು ಹೋಗದಿದ್ದರೆ, ಆಗ ಈ ಹೆಜ್ಜೆ.

ಮಾಡುವುದು ಹೀಗೆ. ಹಗಲಿನಲ್ಲಿ ಅಕ್ಕಿ, ತರಕಾರಿ, ಹಣ್ಣು ಪ್ರಧಾನವಾದ ಊಟ. ಪ್ರೋಟೀನ್ ಜಾಸ್ತಿ ಇರುವ ಪದಾರ್ಥಗಳೆಲ್ಲ ರಾತ್ರಿ ಊಟಕ್ಕೆ. 1980ರ ದಶಕದಲ್ಲಿ ಅಮೆರಿಕದ ವೈದ್ಯರು ಇದನ್ನು ಪ್ರಯೋಗಿಸಿದಾಗ ರಾತ್ರಿ ಊಟದ ತನಕ ಬರೀ 7 ಗ್ರಾಂ ಪ್ರೋಟೀನ್ ಎಂಬ ಬಿಗಿ ಲೆಕ್ಕ ಇಟ್ಟಿದ್ದರು. ನಮ್ಮ ಊಟದಲ್ಲಿ ಅದು ಆಗದ ಮಾತು. 100 ಗ್ರಾಂ ಅಕ್ಕಿಯ ಅನ್ನದಲ್ಲೇ ಸುಮಾರು 8 ಗ್ರಾಂ ಬಂದುಬಿಡುತ್ತದೆ. ಗ್ರಾಂ ಲೆಕ್ಕಕ್ಕೆ ತಲೆ ಕೆಡಿಸಿಕೊಳ್ಳದೆ ಹಗಲಿಡೀ ಸುಮಾರು 20 ಗ್ರಾಂ ಮೀರದ ಹಾಗೆ ನೋಡಿಕೊಂಡರೆ ಸಾಕು ಎಂಬುದು ನನ್ನ ಅಭಿಪ್ರಾಯ.

ಬೆಳಗ್ಗೆ ಅಕ್ಕಿರೊಟ್ಟಿ, ಅಕ್ಕಿ ಶಾವಿಗೆ, ಕಡಲೆಕಾಯಿ ಬೀಜ ಹಾಕದ ಅವಲಕ್ಕಿ, ನೀರುದೋಸೆ ಒಳ್ಳೆಯದು. ಚಟ್ನಿಗೆ ಹುರಿಗಡಲೆ ಬಿಟ್ಟು ಬರೀ ಕಾಯಿ ಹಾಕಿ. ಇಡ್ಲಿ, ದೋಸೆಯಲ್ಲಿ ಉದ್ದಿನಬೇಳೆ ಇರುತ್ತದೆ. ಆದರೂ ಎರಡು ಇಡ್ಲಿಗೆ ಸುಮಾರು 4 ಗ್ರಾಂ, ಅಷ್ಟೇ. ಹೆದರುವಂಥದ್ದಲ್ಲ. ಮಧ್ಯಾಹ್ನ ಅನ್ನ, ತಿಳಿಸಾರು, ಕಾಯಿ ಹಾಕಿದ ತರಕಾರಿ ಪಲ್ಯ, ಗೊಜ್ಜು. ಸಬ್ಬಕ್ಕಿಯಲ್ಲಿ ಪ್ರೋಟೀನ್ ಇಲ್ಲವೆನ್ನುವಷ್ಟು ಕಡಿಮೆ. ಹಾಗಾಗಿ ತೆಂಗಿನಹಾಲು, ಬೆಲ್ಲ ಹಾಕಿದ ಸಬ್ಬಕ್ಕಿ ಪಾಯಸ ಹಗಲಿಗೆ ಹೇಳಿ ಮಾಡಿಸಿದ್ದು. ತೂಕ ಇಳಿಯುತ್ತಿರುವವರಿಗೆ ಇನ್ನೂ ಒಳ್ಳೆಯದು. ಸಕ್ಕರೆ ಕಾಯಿಲೆ ಇದ್ದವರಿಗೆ ಮಾತ್ರ ಇದು ಬೇಡ. ಹಗಲು ಪೂರ್ತಿ ಅಕ್ಕಿ, ಸಬ್ಬಕ್ಕಿ ಆದರೆ ಅವರ ಶುಗರ್ ಏರುತ್ತದೆ. ಅವರು ಡಯಟಿಷಿಯನ್ ಜೊತೆ ಕೂತು ಬೇರೆ ಲೆಕ್ಕ ಹಾಕಬೇಕು.

ರಾತ್ರಿ ಊಟಕ್ಕೆ ಎರಡು ಚಪಾತಿ, ಗಟ್ಟಿ ಹೆಸರುಬೇಳೆ ತೊವ್ವೆ, 50 ಗ್ರಾಂ ಪನೀರ್, ಒಂದು ಲೋಟ ಹಾಲು ಸೇರಿದರೆ 30 ಗ್ರಾಂ ಆಯಿತು. ಮಾಂಸ ತಿನ್ನುವ ಮನೆಯಲ್ಲಿ ಇನ್ನೂ ಸುಲಭ. ಒಂದು ಮೊಟ್ಟೆಗೆ 6 ಗ್ರಾಂ, 100 ಗ್ರಾಂ ಬೆಂದ ಕೋಳಿ ಮಾಂಸಕ್ಕೆ ಸುಮಾರು 25 ಗ್ರಾಂ. ಕರಾವಳಿಯವರು ಮಧ್ಯಾಹ್ನದ ಮೀನು ಸಾರನ್ನು ರಾತ್ರಿಗೆ ಸರಿಸಿದರೆ ಸಾಕು.

ಎರಡು ವಾರ ಹೀಗೆ ಮಾಡಿ ನೋಟ್‌ಬುಕ್ ನೋಡಿ. ಹಗಲಿನ ಆಫ್ ಹೊತ್ತು ಕಡಿಮೆಯಾಗಿದ್ದರೆ ಮುಂದುವರಿಸಿ. ಏನೂ ವ್ಯತ್ಯಾಸ ಕಾಣದಿದ್ದರೆ ಮೊದಲಿನ ಊಟಕ್ಕೆ ಮರಳಿ. ಇಷ್ಟವಾದ ಮಧ್ಯಾಹ್ನದ ಮೊಸರನ್ನವನ್ನು ಸುಮ್ನೆ ಕಿತ್ತುಕೊಳ್ಳುವುದು ಯಾಕೆ ಅಲ್ವಾ? ಎರಡು ವಿಷಯದ ಮೇಲೆ ಕಣ್ಣಿಡಿ. ಒಂದು, ಮಾತ್ರೆ ಈಗ ಚೆನ್ನಾಗಿ ಹತ್ತುವುದರಿಂದ ಕೈಕಾಲು, ಕತ್ತು ತಾನೇ ತಾನಾಗಿ ಹೊಯ್ದಾಡುವ ತೊಂದರೆ ಜಾಸ್ತಿಯಾಗಬಹುದು. ಹಾಗಾದರೆ ಡಾಕ್ಟರಿಗೆ ಹೇಳಿ, ಮಾತ್ರೆಯ ಪ್ರಮಾಣ ಇಳಿಸಬೇಕಾಗಬಹುದು. ಇನ್ನೊಂದು, ರಾತ್ರಿ ಪ್ರೋಟೀನ್ ಜಾಸ್ತಿಯಾಗಿ ಹಾಸಿಗೆಯಲ್ಲಿ ಮಗ್ಗುಲು ಬದಲಿಸಲು ಕಷ್ಟವಾಗಬಹುದು. ಅದನ್ನೂ ಬರೆದಿಡಿ.

ಹೆಜ್ಜೆ 4: ಹೊಟ್ಟೆ ಕಟ್ಟುವುದನ್ನು ಹಗುರಾಗಿ ತೆಗೆದುಕೊಳ್ಳಬೇಡಿ

ಜೇಮ್ಸ್ ಪಾರ್ಕಿನ್ಸನ್ 1817ರಲ್ಲಿ ಈ ಕಾಯಿಲೆಯನ್ನು ವಿವರಿಸಿ ಬರೆದಾಗಲೇ ಮಲಬದ್ಧತೆಯ ಬಗ್ಗೆ ಹೇಳಿದ್ದರು. ಎಷ್ಟೋ ಜನರಿಗೆ ಕೈ ನಡುಗುವುದಕ್ಕೆ ವರ್ಷಗಳ ಮೊದಲೇ ಇದು ಶುರುವಾಗಿರುತ್ತದೆ. ಕರುಳಿನ ನರಗಳಿಗೂ ಕಾಯಿಲೆ ತಗಲುವುದರಿಂದ ಹೀಗಾಗುತ್ತದೆ. ಮೂರು ದಿನ ಹೊಟ್ಟೆ ಕಟ್ಟಿದರೆ ಹಸಿವು ಸಾಯುತ್ತದೆ, ಮಾತ್ರೆ ಹತ್ತುವುದೂ ಏರುಪೇರಾಗುತ್ತದೆ.

ಮೊದಲ ಮದ್ದು ನೀರು. ದಿನಕ್ಕೆ ಒಂದೂವರೆಯಿಂದ ಎರಡು ಲೀಟರ್. ಹೃದಯ ಅಥವಾ ಕಿಡ್ನಿ ತೊಂದರೆಗೆ ಡಾಕ್ಟರ್ ನೀರಿಗೆ ಮಿತಿ ಹಾಕಿದ್ದರೆ ಅದೇ ಮಿತಿ. ರಾತ್ರಿ ಮೂತ್ರಕ್ಕೆ ಏಳಬೇಕಾಗುತ್ತದೆ ಎಂದು ಹಿರಿಯರು ನೀರು ಕುಡಿಯುವುದನ್ನೇ ಬಿಡುತ್ತಾರೆ. ಅದಕ್ಕೆ ಉಪಾಯ, ಬೆಳಗ್ಗೆಯಿಂದ ಸಂಜೆ 6ರ ಒಳಗೆ ಮುಕ್ಕಾಲು ಪಾಲು ಕುಡಿಸಿ ಮುಗಿಸುವುದು. ಎದ್ದ ಕೂಡಲೇ ಒಂದು ಲೋಟ ಬೆಚ್ಚಗಿನ ನೀರು. ತಿಂಡಿಯಾದ ಮೇಲೆ ಅವಸರವಿಲ್ಲದೆ ಹತ್ತು ನಿಮಿಷ ಕಮೋಡ್ ಮೇಲೆ ಕೂರಲಿ, ಕಾಲ ಕೆಳಗೆ ಒಂದು ಗಿಡ್ಡ ಮಣೆ ಇರಲಿ.

ನಾರಿಗೆ ನಮ್ಮ ಊಟದಲ್ಲಿ ಕೊರತೆ ಇಲ್ಲ. ಸೊಪ್ಪು, ಹುರುಳಿಕಾಯಿ, ಬೆಂಡೆಕಾಯಿ, ಪರಂಗಿಹಣ್ಣು, ಸೀಬೆಹಣ್ಣು, ರಾಗಿ. ರಾತ್ರಿ ನೆನೆಸಿಟ್ಟ ನಾಲ್ಕು ಅಂಜೂರ ಅಥವಾ ಒಂದು ಹಿಡಿ ಒಣದ್ರಾಕ್ಷಿಯನ್ನು ಬೆಳಗ್ಗೆ ನೀರಿನ ಸಮೇತ ರುಬ್ಬಿ ಕೊಡಿ. ನಾರನ್ನು ಒಮ್ಮೆಗೇ ಏರಿಸಬೇಡಿ, ಹೊಟ್ಟೆ ಉಬ್ಬರಿಸುತ್ತದೆ. ಇಸಬಗೋಲು ಕೊಟ್ಟರೆ ದೊಡ್ಡ ಲೋಟ ನೀರಿನಲ್ಲಿ ಕಲಸಿ ತಕ್ಷಣ ಕುಡಿಸಬೇಕು. ನೀರು ಕಡಿಮೆಯಾದರೆ ಅದೇ ಗಟ್ಟಿಯಾಗಿ ಸಿಕ್ಕಿಕೊಳ್ಳುತ್ತದೆ. ನುಂಗಲು ಕಷ್ಟ ಇರುವವರಿಗೆ ಇಸಬಗೋಲು ಬೇಡವೇ ಬೇಡ. ಇಷ್ಟಕ್ಕೂ ಜಗ್ಗದಿದ್ದರೆ ಡಾಕ್ಟರ್ ಬರೆಯುವ ಲ್ಯಾಕ್ಟುಲೋಸ್‌ನಂಥ ಔಷಧಿಗೆ ಸಂಕೋಚಪಡಬೇಡಿ.

ಹೆಜ್ಜೆ 5: ನುಂಗುವುದನ್ನು ಗಮನಿಸಿ

ಇಡೀ ಬರಹದಲ್ಲಿ ಒಂದೇ ಭಾಗ ಓದಲು ಸಮಯವಿದ್ದರೆ ಇದನ್ನು ಓದಿ. ಊಟ, ನೀರು ಅನ್ನನಾಳಕ್ಕೆ ಹೋಗುವ ಬದಲು ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆಗುತ್ತದೆ. ಪಾರ್ಕಿನ್ಸನ್ ಇರುವವರ ಸಾವಿಗೆ ದೊಡ್ಡ ಕಾರಣಗಳಲ್ಲಿ ಇದೂ ಒಂದು.

ಈ ಲಕ್ಷಣಗಳನ್ನು ನೋಡಿ: ನೀರು ಕುಡಿಯುವಾಗ ಕೆಮ್ಮು. ಊಟದ ನಂತರ ದನಿಯಲ್ಲಿ ಗರಗರ. ಬಾಯಲ್ಲೇ ಉಳಿದ ಅನ್ನ. ಜೊಲ್ಲು. ಮೊದಲು ಕಾಲು ಗಂಟೆಯಲ್ಲಿ ಮುಗಿಯುತ್ತಿದ್ದ ಊಟಕ್ಕೆ ಈಗ ಮುಕ್ಕಾಲು ಗಂಟೆ. ಕಾರಣ ಗೊತ್ತಾಗದ ಜ್ವರ ಮತ್ತೆ ಮತ್ತೆ. ಕೆಲವರಿಗೆ ಕೆಮ್ಮೇ ಬರುವುದಿಲ್ಲ, ಸದ್ದಿಲ್ಲದೆ ಒಳಗೆ ಇಳಿಯುತ್ತಿರುತ್ತದೆ. ಹಾಗಾಗಿ ಇವುಗಳಲ್ಲಿ ಯಾವುದು ಕಂಡರೂ ಸ್ಪೀಚ್ ಥೆರಪಿಸ್ಟ್ ಹತ್ತಿರ ಹೋಗಿ. ಮಾತಿಗಷ್ಟೇ ಅಲ್ಲ, ನುಂಗುವ ತೊಂದರೆಗೂ ಅವರೇ ತಜ್ಞರು. ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ, ಬೆಂಗಳೂರಿನ ನಿಮ್ಹಾನ್ಸ್‌ನಂಥ ಕಡೆ ಇವರು ಸಿಗುತ್ತಾರೆ.

ನಮ್ಮ ಕಡೆಯ ಎರಡು ಅಭ್ಯಾಸಗಳು ಇಲ್ಲಿ ಅಪಾಯ. ಒಂದು, ಲೋಟಕ್ಕೆ ಬಾಯಿ ತಾಗಿಸದೆ ಎತ್ತಿ ಕುಡಿಯುವುದು. ತಲೆ ಹಿಂದಕ್ಕೆ ಬಾಗಿದಾಗ ಶ್ವಾಸನಾಳದ ದಾರಿ ತೆರೆದುಕೊಳ್ಳುತ್ತದೆ, ನೀರು ನೇರ ಅಲ್ಲಿಗೇ ಜಾರಬಹುದು. ಅಗಲ ಬಾಯಿಯ ಲೋಟ ಕೊಡಿ, ಕಚ್ಚಿ ಕುಡಿಯಲಿ. ಗಲ್ಲ ಮೇಲೇಳಬಾರದು, ಒಂದೊಂದೇ ಗುಟುಕು. ಮಡಿ, ಎಂಜಲು ಎಂದು ಹಿರಿಯರು ಒಪ್ಪದಿದ್ದರೆ ಅವರಿಗೇ ಒಂದು ಬೇರೆ ಲೋಟ ಎತ್ತಿಡಿ.

ಇನ್ನೊಂದು ಮುದ್ದೆ. ಮಂಡ್ಯ, ಹಾಸನ, ತುಮಕೂರು, ಕೋಲಾರದ ಕಡೆ ಮುದ್ದೆಯನ್ನು ಅಗಿಯುವುದಿಲ್ಲ, ಸಾರಿನಲ್ಲಿ ಅದ್ದಿ ನುಂಗುತ್ತಾರೆ. ಗಂಟಲು ನಿಧಾನವಾಗಿರುವವರಿಗೆ ಆ ಅಂಟು ತುತ್ತು ಸಿಕ್ಕಿಕೊಂಡರೆ ಉಸಿರೇ ಕಟ್ಟುತ್ತದೆ. ರಾಗಿ ಬಿಡಬೇಕಿಲ್ಲ. 100 ಗ್ರಾಂ ರಾಗಿಯಲ್ಲಿ 350 ಮಿಲಿಗ್ರಾಂಗಿಂತ ಹೆಚ್ಚು ಕ್ಯಾಲ್ಸಿಯಂ ಇದೆ, ಮೂಳೆಗೆ ಅದು ಬೇಕು. ಗಟ್ಟಿ ಅಂಬಲಿ ಅಥವಾ ರಾಗಿ ಸರಿ ಮಾಡಿ, ಚಮಚದಲ್ಲಿ ಕೊಡಿ.

ಇನ್ನು ಅನ್ನ-ಸಾರು. ನೋಡಲು ಮೆತ್ತಗಿದ್ದರೂ ಅದರಲ್ಲಿ ತೆಳ್ಳನೆ ನೀರೂ ಇದೆ, ಬಿಡಿ ಬಿಡಿ ಅಗುಳೂ ಇದೆ. ಬಾಯಿ ಅಗುಳನ್ನು ಅಗಿಯುವಷ್ಟರಲ್ಲಿ ಸಾರು ಹಿಂದಕ್ಕೆ ಜಾರಿ ಕೆಮ್ಮು ಬರುತ್ತದೆ. ನಾನು ಮಾಡುವುದು ಹೀಗೆ: ಒಂದು ಅಳತೆ ಅಕ್ಕಿಗೆ ಐದು ಅಳತೆ ನೀರು ಹಾಕಿ ಕುಕ್ಕರಿನಲ್ಲಿ ನಾಲ್ಕೈದು ಕೂಗು ಕೂಗಿಸುತ್ತೇನೆ. ಬಿಸಿ ಇರುವಾಗಲೇ ಸೌಟಿನ ಹಿಂಬದಿಯಿಂದ ಪಾತ್ರೆಯ ಅಂಚಿಗೆ ಒತ್ತಿ ಒತ್ತಿ ಮಸೆಯುತ್ತೇನೆ. ತಣ್ಣಗಾದರೆ ಅಗುಳು ಮಸೆಯುವುದಿಲ್ಲ. ಆಮೇಲೆ ಸೋಸಿದ ಸಾರು ಸ್ವಲ್ಪ ಸ್ವಲ್ಪವೇ ಹಾಕಿ ಕಲಸಿ, ಒಂದು ಚಮಚ ತುಪ್ಪ. ಸಾಸಿವೆ, ಕರಿಬೇವು, ಮೆಣಸಿನಕಾಯಿ ಚೂರು ಇರಬಾರದು. ಒಗ್ಗರಣೆಯ ರುಚಿ ಬೇಕಾದರೆ ಅದನ್ನೂ ಸಾರಿಗೆ ಹಾಕಿ ಕುದಿಸಿ ಸೋಸಿದರಾಯಿತು. ಚಮಚದಲ್ಲಿ ತೆಗೆದು ಓರೆ ಮಾಡಿ ನೋಡಿ. ಒಂದೇ ಮುದ್ದೆಯಾಗಿ ಜಾರಿ ಬೀಳಬೇಕು. ಸೋರಿದರೆ ತೆಳುವಾಯಿತು, ಚಮಚಕ್ಕೆ ಅಂಟಿಕೊಂಡೇ ಇದ್ದರೆ ಗಟ್ಟಿಯಾಯಿತು.

ನುಂಗಲು ಕಷ್ಟ ಶುರುವಾದವರಿಗೆ ಮಂಡಕ್ಕಿ, ಒಣ ಅವಲಕ್ಕಿ, ಚಕ್ಕುಲಿ, ನಿಪ್ಪಟ್ಟು, ಕಡಲೆಕಾಯಿ ಬೀಜ, ದಾಳಿಂಬೆ, ನುಗ್ಗೆಕಾಯಿ ಬೇಡ. ಒಣ ಚಟ್ನಿಪುಡಿಯೂ ಬೇಡ, ತುಪ್ಪದಲ್ಲಿ ಕಲಸಿ ಕೊಡಬಹುದು. ಎಲೆಅಡಿಕೆ ಬಿಡಿಸುವುದು ಕಷ್ಟ, ಆದರೆ ಅಡಿಕೆ ಚೂರು ಗಂಟಲಿಗೆ ಹೋದರೆ ಅನಾಹುತ. ನೀರಿಗೇ ಕೆಮ್ಮು ಬರುವವರಿಗೆ ನೀರನ್ನು ಗಟ್ಟಿ ಮಾಡುವ ಪುಡಿ ಸಿಗುತ್ತದೆ. ಎಷ್ಟು ಗಟ್ಟಿ ಎಂಬುದನ್ನು ಸ್ಪೀಚ್ ಥೆರಪಿಸ್ಟ್ ಹೇಳಬೇಕು.

ನೆಲದ ಮೇಲೆ ಕೂರಿಸಬೇಡಿ. ಕುರ್ಚಿಯಲ್ಲಿ ಬೆನ್ನು ನೇರ, ಪಾದ ನೆಲಕ್ಕೆ. ಟಿವಿ ಆಫ್ ಮಾಡಿ. ಬಾಯಿ ಖಾಲಿಯಾದ ಮೇಲೆಯೇ ಮುಂದಿನ ತುತ್ತು, ಮಾತೂ ಆಮೇಲೆಯೇ. ಅಂಚು ಎತ್ತರ ಇರುವ ತಟ್ಟೆ ಇಟ್ಟು ಅದರ ಕೆಳಗೆ ಒದ್ದೆ ಬಟ್ಟೆ ಹಾಸಿದರೆ ತಟ್ಟೆ ಜಾರುವುದಿಲ್ಲ. ಚಮಚದಿಂದ ಚೆಲ್ಲುತ್ತಿದ್ದರೆ ಕೈಯಲ್ಲೇ ತಿನ್ನಲಿ. ಎಷ್ಟೋ ಜನರಿಗೆ ಕೈ ಊಟವೇ ಸುಲಭ. ಊಟವಾಗಿ ಅರ್ಧ ಗಂಟೆ ಮಲಗಿಸಬೇಡಿ. ಬಾಯಿ ಮುಕ್ಕಳಿಸಿ ಸ್ವಚ್ಛ ಮಾಡಿಸಿ.

ಹೆಜ್ಜೆ 6: ತಿಂಗಳಿಗೊಮ್ಮೆ ತೂಕ ನೋಡಿ

ನಡುಕ, ಹೊಯ್ದಾಟಕ್ಕೆ ಶಕ್ತಿ ಖರ್ಚಾಗುತ್ತದೆ. ವಾಸನೆ ಗೊತ್ತಾಗದೆ ಊಟ ಸಪ್ಪೆ ಅನಿಸುತ್ತದೆ. ಆರು ತಿಂಗಳಲ್ಲಿ 60 ಕೆಜಿಯವರು 3 ಕೆಜಿ ಇಳಿದರೆ ಡಾಕ್ಟರಿಗೆ ಹೇಳಲೇಬೇಕು. ಮೂರು ದೊಡ್ಡ ಊಟದ ಬದಲು ಐದಾರು ಸಣ್ಣ ಊಟ ಕೊಡಿ. ಗಂಜಿಗೆ ತುಪ್ಪ, ಸಾರಿಗೆ ತೆಂಗಿನಹಾಲು, ಸಂಜೆಗೆ ಬೇಯಿಸಿ ಮಸೆದ ಗೆಣಸು ಕೊಟ್ಟರೆ ಪ್ರೋಟೀನ್ ಏರದೆ ಶಕ್ತಿ ಸಿಗುತ್ತದೆ. ರುಚಿಗೆ ನಿಂಬೆ, ಇಂಗು, ಶುಂಠಿ, ಪುದೀನ ಧಾರಾಳವಾಗಿ ಬಳಸಿ.

ಕೆಲವರಿಗೆ ಇದಕ್ಕೆ ಉಲ್ಟಾ ಆಗುತ್ತದೆ. ಪ್ರಮಿಪೆಕ್ಸೋಲ್, ರೋಪಿನಿರೋಲ್ ಎಂಬ ಬೇರೆ ಪಾರ್ಕಿನ್ಸನ್ ಮಾತ್ರೆ ತೆಗೆದುಕೊಳ್ಳುವ ಕೆಲವರಿಗೆ ಸಿಹಿ ತಿನ್ನುವ ಆಸೆ ಹಿಡಿತಕ್ಕೇ ಸಿಗುವುದಿಲ್ಲ, ಮಧ್ಯರಾತ್ರಿ ಎದ್ದು ಡಬ್ಬ ಖಾಲಿ ಮಾಡುತ್ತಾರೆ. ಬೈಯಬೇಡಿ, ಅದು ಮಾತ್ರೆಯ ಅಡ್ಡ ಪರಿಣಾಮ. ಡಾಕ್ಟರಿಗೆ ತಿಳಿಸಿ.

ಹೆಜ್ಜೆ 7: ಎದ್ದು ನಿಂತಾಗ ತಲೆಸುತ್ತು ಬಂದರೆ

ಕಾಯಿಲೆಯಿಂದಲೂ ಮಾತ್ರೆಯಿಂದಲೂ ಬಿಪಿ ದಿಢೀರ್ ಇಳಿಯುತ್ತದೆ. ದೊಡ್ಡ ಊಟ, ಅದರಲ್ಲೂ ಹೊಟ್ಟೆ ತುಂಬಾ ಅನ್ನ ತಿಂದ ಮೇಲೆ ಇನ್ನೂ ಇಳಿಯುತ್ತದೆ. ಸಣ್ಣ ಊಟ, ಸಾಕಷ್ಟು ನೀರು. ಬೆಳಗ್ಗೆ ಹಾಸಿಗೆಯಲ್ಲಿ ಕೂತೇ ಒಂದು ಲೋಟ ನೀರು ಕುಡಿದು, ಸ್ವಲ್ಪ ತಡೆದು ಏಳಲಿ. ಉಪ್ಪು ಹಾಕಿದ ನೀರು ಮಜ್ಜಿಗೆ, ನಿಂಬೆ ಪಾನಕ ಒಳ್ಳೆಯದು. ಆದರೆ ಬಿಪಿ ಜಾಸ್ತಿ ಎಂದು ಮಾತ್ರೆ ನುಂಗುತ್ತಿರುವವರಿಗೆ ನೀವಾಗಿ ಉಪ್ಪು ಏರಿಸಬೇಡಿ. ಕೂತು ಒಮ್ಮೆ, ನಿಂತು ಒಮ್ಮೆ ಬಿಪಿ ನೋಡಿ ಬರೆದು ಡಾಕ್ಟರಿಗೆ ತೋರಿಸಿ.

ಹೆಜ್ಜೆ 8: ಬಿ12, ಡಿ ಪರೀಕ್ಷೆ ಮಾಡಿಸಿ

ಲೆವೊಡೋಪಾವನ್ನು ಬಹಳ ಕಾಲ ತೆಗೆದುಕೊಂಡವರಲ್ಲಿ ವಿಟಮಿನ್ ಬಿ12 ಕಡಿಮೆಯಾಗುವುದುಂಟು. ಸಸ್ಯಾಹಾರಿಗಳಲ್ಲಿ ಅದು ಮೊದಲೇ ಕಡಿಮೆ. ಕಾಲು ಜೋಮು ಹಿಡಿಯುವುದು, ಮರೆವು, ಸುಸ್ತು ಎಲ್ಲವನ್ನೂ ಪಾರ್ಕಿನ್ಸನ್ ಮೇಲೆ ಹಾಕುವ ಮುಂಚೆ ಒಂದು ರಕ್ತ ಪರೀಕ್ಷೆ ಆಗಲಿ. ಮನೆಯೊಳಗೇ ಇರುವವರಿಗೆ ವಿಟಮಿನ್ ಡಿ ಕೊರತೆಯೂ ಸಾಮಾನ್ಯ. ಬಿದ್ದರೆ ಮೂಳೆ ಮುರಿಯುವ ಭಯ ಇರುವ ಕಾಯಿಲೆ ಇದು, ಹಾಗಾಗಿ ಅಲಕ್ಷ್ಯ ಬೇಡ.

ಹೆಜ್ಜೆ 9: ನಸುಗುನ್ನಿ ಪುಡಿ ಕೊಡುವ ಮುಂಚೆ

ನಸುಗುನ್ನಿ ಬೀಜದಲ್ಲಿ ನಿಜವಾಗಿಯೂ ಲೆವೊಡೋಪಾ ಇದೆ. 1937ರಲ್ಲಿ ಭಾರತೀಯ ವಿಜ್ಞಾನಿಗಳೇ ಅದನ್ನು ಬೇರ್ಪಡಿಸಿ ತೋರಿಸಿದ್ದರು. ಕಂಪವಾತಕ್ಕೆ, ಅಂದರೆ ಪಾರ್ಕಿನ್ಸನ್ ಥರದ ನಡುಕದ ಕಾಯಿಲೆಗೆ, ಆಯುರ್ವೇದದಲ್ಲಿ ಇದನ್ನು ಬಳಸುತ್ತಾರೆ. ಇದು ಔಷಧಿಯೇ ಆಗಿರುವುದರಿಂದಲೇ ಎಚ್ಚರ ಬೇಕು. ಒಂದು ಪೊಟ್ಟಣದಿಂದ ಇನ್ನೊಂದಕ್ಕೆ ಅಂಶ ಏರುಪೇರು. ಜೊತೆಗೆ ಕಾರ್ಬಿಡೋಪಾ ಇಲ್ಲದ್ದರಿಂದ ವಾಂತಿ, ಬಿಪಿ ಇಳಿಯುವುದು ಜಾಸ್ತಿಯಾಗಬಹುದು. ಮಾತ್ರೆಯ ಮೇಲೆ ಇದನ್ನೂ ಕೊಟ್ಟರೆ ಡೋಸ್ ಮೀರುತ್ತದೆ. ಇದಿದೆಯಲ್ಲ ಎಂದು ಮಾತ್ರೆಯನ್ನು ಒಮ್ಮೆಗೇ ನಿಲ್ಲಿಸಿದರಂತೂ ವಿಪರೀತ ಜ್ವರ ಬಂದು, ಮೈ ಸೆಟೆದು ಜೀವಕ್ಕೇ ಅಪಾಯವಾಗಬಹುದು. ಕೊಡಬೇಕೆನಿಸಿದರೆ ನರರೋಗ ತಜ್ಞರನ್ನು ಕೇಳಿ.

ಬ್ರಾಡ್ ಬೀನ್ಸ್‌ನಲ್ಲಿ ಲೆವೊಡೋಪಾ ಇದೆ ಎಂದು ಇಂಟರ್ನೆಟ್ಟಿನಲ್ಲಿ ಓದಿ ಅವರೆಕಾಯಿ ತಂದು ತಿನ್ನಿಸುವವರಿದ್ದಾರೆ. ಅದು ಬೇರೆ ಗಿಡ. ನಮ್ಮ ಅವರೆಕಾಳು ಪ್ರೋಟೀನ್ ತುಂಬಿದ ಕಾಳು, ಈ ಲೆಕ್ಕದಲ್ಲಿ ಅದಕ್ಕೆ ರಾತ್ರಿಯೇ ಸರಿಯಾದ ಹೊತ್ತು. ಇದಕಿದ ಬೇಳೆ ಸಾರಿಗೆ ಆಸೆಪಟ್ಟರೆ ರಾತ್ರಿ ಊಟಕ್ಕೆ ಮಾಡಿ ಬಡಿಸಿ.

ಹೆಜ್ಜೆ 10: ಉಪವಾಸ, ಹಬ್ಬ, ಮದುವೆ

ಏಕಾದಶಿ ಇರಲಿ, ಸಂಕಷ್ಟಿ ಇರಲಿ, ರಂಜಾನ್ ರೋಜಾ ಇರಲಿ, ಮಾತ್ರೆ ತಪ್ಪಿಸುವಂತಿಲ್ಲ, ನೀರೂ ಬಿಡುವಂತಿಲ್ಲ. ಬೇಕಾದರೆ ಹಣ್ಣು, ಸಬ್ಬಕ್ಕಿಯಲ್ಲಿ ಉಪವಾಸ ಮಾಡಲಿ, ಮಾತ್ರೆ ಮಾತ್ರ ಹೊತ್ತಿಗೆ ಸರಿಯಾಗಿ ಬೀಳಲಿ. ನೀರೂ ಮುಟ್ಟದ ಉಪವಾಸ ಮಾಡಲೇಬೇಕೆಂದು ಹಟ ಹಿಡಿದರೆ ಮೊದಲು ಡಾಕ್ಟರ್ ಹತ್ತಿರ ಮಾತಾಡಿಸಿ. ಮದುವೆ ಮನೆಯಲ್ಲಿ ಊಟದ ಪಂಕ್ತಿ ಯಾವಾಗ ಏಳುತ್ತದೋ ಹೇಳಲಾಗದು. ಮಾತ್ರೆ, ನೀರಿನ ಬಾಟಲಿ, ಎರಡು ಬಾಳೆಹಣ್ಣು ಚೀಲದಲ್ಲಿರಲಿ. ಮಾತ್ರೆ ಅದರ ಹೊತ್ತಿಗೆ ಆಗಲಿ. ಊಟ ತಡವಾದರೆ ಹಣ್ಣು ಕೊಟ್ಟು ಕಾಯಿರಿ. ಎಲೆಯ ಮೇಲೆ ಹೋಳಿಗೆ, ತುಪ್ಪ, ಬಿಸಿಬೇಳೆಬಾತ್ ಎಲ್ಲ ಬಂದಾಗ ತಿನ್ನಬೇಡಿ ಎನ್ನುವ ಅಗತ್ಯವಿಲ್ಲ. ಒಂದು ಗಂಟೆ ಮಾತ್ರೆ ಹತ್ತುವುದು ತಡವಾಗಬಹುದು ಎಂದು ಅವರಿಗೂ ಗೊತ್ತಿರಲಿ, ಕರೆದುಕೊಂಡು ಹೋದವರಿಗೂ ಗೊತ್ತಿರಲಿ. ಆ ಹೊತ್ತು ಮುಗಿಯುವ ತನಕ ಮೆಟ್ಟಿಲು ಹತ್ತಿಸಬೇಡಿ, ಒಂದು ಕುರ್ಚಿ ನೋಡಿ ಕೂರಿಸಿ.